ಕಾವಿಗೆ ಬರವಿಲ್ಲ, ನೀರಿಗೆ ಬರ

ಮನೆಯಲ್ಲೇ ಬಾತುಕೋಳಿ ಮರಿ ಮಾಡಿಸ್ತೀನಿ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಎಷ್ಟು ವ್ಯಾಟ್ ಬಲ್ಬ್ ಹಾಕಿದೀರಿ?" ಎರಡನೆಯದು, "ಕರೆಂಟ್ ಹೋದ್ರೆ ಏನ್ಮಾಡ್ತೀರಿ?" ಎರಡೂ ಕಾವಿನ ಪ್ರಶ್ನೆಗಳೇ. ದಾವಣಗೆರೆಯಲ್ಲಿ ಕೂತುಕೊಂಡು ಕಾವಿನ ಬಗ್ಗೆ ಚಿಂತೆ ಮಾಡುವುದು ನನಗಂತೂ ತಮಾಷೆ ಅನಿಸುತ್ತದೆ. ಏಪ್ರಿಲ್ ಕೊನೆಗೆ, ಮಧ್ಯಾಹ್ನದ ಹೊತ್ತು, ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟರೆ ಪಾದರಸ ತಾನಾಗಿ 37, 38ಕ್ಕೆ ಹೋಗಿ ನಿಲ್ಲುತ್ತದೆ. ಮೊಟ್ಟೆಗೆ ಬೇಕಾದದ್ದು 37.5 ಡಿಗ್ರಿ. ಕಾವು ನಮ್ಮೂರಲ್ಲಿ ಬಿಟ್ಟಿ ಸಿಗುತ್ತದೆ. ಸಿಗದೇ ಇರುವುದು ನೀರು, ನೀರಿನ ಪಸೆ ಇರುವ ಗಾಳಿ. ಬಾತುಕೋಳಿಯ ವಿಷಯದಲ್ಲಿ ಮೊಟ್ಟೆ ಆರಿಸುವುದರಿಂದ ಹಿಡಿದು ಮರಿ ದೊಡ್ಡದಾಗುವವರೆಗೂ ನನ್ನನ್ನು ಕಾಡಿದ್ದು ಅದೊಂದೇ.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆ ತಾಲ್ಲೂಕಿನಲ್ಲಿ, ಶೇಂಗಾ ಸೀಮೆಯಲ್ಲಿ. ಅಲ್ಲಿ ಬಾತುಕೋಳಿ ಇದ್ದದ್ದು ಶಾಲೆಯ ಗೋಡೆ ಮೇಲಿನ ಚಿತ್ರದಲ್ಲಿ. ವೇದಾವತಿ ನಮ್ಮ ತಾಲ್ಲೂಕಿನಲ್ಲೇ ಹರಿಯುತ್ತದೆ ಅಂತ ಮೇಷ್ಟ್ರು ಹೇಳುತ್ತಿದ್ದರು, ನಾವು ಕಂಡದ್ದು ಮರಳು. 2022ರ ಸೆಪ್ಟೆಂಬರಿನಲ್ಲಿ ಅದೇ ನದಿಯ ವಾಣಿ ವಿಲಾಸ ಸಾಗರ ಅಣೆಕಟ್ಟು ಕೋಡಿ ಬಿತ್ತು, 1933ರ ನಂತರ ಅದೇ ಮೊದಲು. ನಮ್ಮೂರ ಮುದುಕರೆಲ್ಲ ಗಾಡಿ ಮಾಡಿಕೊಂಡು ನೀರು ನೋಡಲು ಹೋಗಿದ್ದರು. ಅಂಥ ಕಡೆಯಿಂದ ಬಂದ ನಾನು ಸೊಸೆಯಾಗಿ ಸೇರಿದ್ದು ಇನ್ನೊಂದು ಸೀಮೆಯವರ ಮನೆಗೆ. ಅತ್ತೆಯವರ ತವರು ಮಲೇಬೆನ್ನೂರಿನ ಕಡೆ, ಭದ್ರಾ ಕಾಲುವೆಯ ಕೆಳಗೆ. ಅಲ್ಲಿ ಎತ್ತ ನೋಡಿದರೂ ಭತ್ತ. ಕೊಯ್ಲು ಮುಗಿಯುತ್ತಿದ್ದಂತೆ ಬಾತುಕೋಳಿ ಮೇಯಿಸುವವರು ಹಿಂಡು ಹೊಡೆದುಕೊಂಡು ಬರುತ್ತಾರೆ. ಹೆಚ್ಚಿನವರು ಆಂಧ್ರದ ಕಡೆಯವರು. ಉದುರಿದ ಕಾಳು, ಬಸವನಹುಳು, ಏಡಿಮರಿ ಎಲ್ಲವನ್ನೂ ಬಾತುಗಳು ಹೆಕ್ಕಿ ತಿನ್ನುತ್ತವೆ. ರಾತ್ರಿ ಗದ್ದೆಯ ಮೂಲೆಯಲ್ಲಿ ಬಲೆ ಸುತ್ತಿ ಕೂಡುತ್ತಾರೆ. ಬಾತು ಬೆಳಕು ಹರಿಯುವ ಮುಂಚೆಯೇ ಮೊಟ್ಟೆ ಇಡುವ ಪಕ್ಷಿ, ಹಾಗಾಗಿ ಬೆಳಿಗ್ಗೆ ಬಲೆ ಬಿಚ್ಚಿದರೆ ಕೆಸರಲ್ಲೆಲ್ಲ ತಿಳಿ ಹಸಿರು ಛಾಯೆಯ ಬಿಳಿ ಮೊಟ್ಟೆಗಳು. ಹಿಂಡಿನಲ್ಲಿ ಗಂಡು ಇರುವುದರಿಂದ ಆ ಮೊಟ್ಟೆಗಳು ಮರಿ ಆಗುತ್ತವೆ. ನಮಗೆ ಮೊಟ್ಟೆ ಬಂದದ್ದು ಅಲ್ಲಿಂದ.

ಕಾಡು ಬಾತಿನ ಮೊಟ್ಟೆ ತರುವ ಯೋಚನೆ ಯಾರಿಗಾದರೂ ಬಂದರೆ ಈಗಲೇ ಬಿಟ್ಟುಬಿಡಿ. ನಮ್ಮ ದಾವಣಗೆರೆಯ ಕುಂದುವಾಡ ಕೆರೆಯ ಅಂಚಿನಲ್ಲಿ ಓಡಾಡುವ ಚುಕ್ಕೆಕೊಕ್ಕಿನ ಬಾತುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಗೂಡು ಮುಟ್ಟುವುದೇ ಅಪರಾಧ.

ಮೊಟ್ಟೆ ಆರಿಸುವಾಗಲೇ ನಮ್ಮ ಬಿಸಿಲು ಅಡ್ಡ ಬರುತ್ತದೆ. ಒಂದು ವಾರದೊಳಗಿನ ಮೊಟ್ಟೆ ಇರಬೇಕು, ಬಿರುಕು ಇರಬಾರದು, ತೊಳೆದಿರಬಾರದು ಅನ್ನುವುದೆಲ್ಲ ಎಲ್ಲರಿಗೂ ಗೊತ್ತು. ತೊಳೆದರೆ ಚಿಪ್ಪಿನ ಮೇಲಿನ ತೆಳು ಲೇಪ ಹೋಗಿ ಒಳಗೆ ರೋಗಾಣು ಹೊಕ್ಕುತ್ತವೆ, ಕೆಸರು ಇದ್ದರೆ ಒಣಗಿದ ಮೇಲೆ ಮೆಲ್ಲಗೆ ಉದುರಿಸಿದರೆ ಸಾಕು. ಗೊತ್ತಿಲ್ಲದ ವಿಷಯ ಬೇರೆ. ಕಾವಿಗೆ ಇಡುವವರೆಗೂ ಮೊಟ್ಟೆಯ ಒಳಗಿನ ಜೀವ ಮಲಗಿರಬೇಕು. ಅದಕ್ಕೆ 13ರಿಂದ 15 ಡಿಗ್ರಿಯ ತಂಪು ಒಳ್ಳೆಯದು. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯ ಬುಟ್ಟಿಯಲ್ಲಿ ಮೊಟ್ಟೆ ಇಟ್ಟರೆ ಜೀವ ಅಲ್ಲೇ ಅರೆಬರೆ ಎಚ್ಚರವಾಗುತ್ತದೆ, ಬೆಳೆಯಲು ಸಾಲುವಷ್ಟು ಕಾವಿಲ್ಲದೆ ಕ್ಷೀಣಿಸುತ್ತದೆ. ಆಮೇಲೆ ಎಷ್ಟೇ ಶ್ರದ್ಧೆಯಿಂದ ಕಾವು ಕೊಟ್ಟರೂ ಅದು ಏಳುವುದಿಲ್ಲ. ಬೇಸಿಗೆಯಲ್ಲಿ "ಮೊಟ್ಟೆ ಬಂಜೆ" ಅಂತ ಗಂಡು ಬಾತನ್ನು ಬೈಯುವವರಲ್ಲಿ ಅರ್ಧ ಜನ ಬೈಯಬೇಕಾದ್ದು ಬುಟ್ಟಿ ಇಟ್ಟ ಜಾಗವನ್ನು. ಅತ್ತೆಯವರು ಬೆಳಗಿನ ಮೊದಲ ಬಸ್ಸಿಗೆ ತಂದದ್ದನ್ನು ಮಣ್ಣಿನ ಮಡಕೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಜೋಡಿಸಿ, ಮಡಕೆಯನ್ನು ಒದ್ದೆ ಮರಳಲ್ಲಿ ಕೂರಿಸಿದರು. ಫ್ರಿಜ್ ಇರುವ ಮನೆಯಲ್ಲಿ ಯಾಕೆ ಅಂತ ಕೇಳಿದರೆ, "ಫ್ರಿಜ್ನಾಗೆ ಭಾಳ ತಂಡಿ ಆಕ್ಕತಿ, ಸತ್ತೇ ಹೋಗ್ತಾವು" ಅಂದರು. ಸರಿಯಾದ ಮಾತು. ಮನೆಯ ಫ್ರಿಜ್ಜಿನ 4 ಡಿಗ್ರಿ ಮೊಟ್ಟೆಗೆ ಅತಿಯಾಯಿತು.

ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡುವುದು ದೊಡ್ಡ ವಿದ್ಯೆಯಲ್ಲ. ಥರ್ಮಾಕೋಲ್ ಡಬ್ಬ, ಬಲ್ಬು, ಥರ್ಮೋಸ್ಟಾಟ್, ಹಳೇ ಕಂಪ್ಯೂಟರಿನ ಫ್ಯಾನು, ತಳದಲ್ಲಿ ನೀರಿನ ತಟ್ಟೆ. ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾದದ್ದು ಅದನ್ನು ಎಲ್ಲಿಡಬೇಕು ಅನ್ನುವುದು. ಮನೆಯ ಅತಿ ತಂಪಾದ, ಕಿಟಕಿ ಇಲ್ಲದ ಒಳಕೋಣೆಯ ನೆಲದ ಮೇಲೆ. ಕರೆಂಟ್ ಹೋಗಿ ಒಂದೆರಡು ಗಂಟೆ ಕಾವು ತಗ್ಗಿದರೆ ಮೊಟ್ಟೆ ತಡೆದುಕೊಳ್ಳುತ್ತದೆ, ಆದರೆ 40 ಡಿಗ್ರಿ ತಡೆದುಕೊಳ್ಳುವುದಿಲ್ಲ. ಮೂರನೇ ವಾರಕ್ಕೆ ಬರುವ ಹೊತ್ತಿಗೆ ಒಳಗಿನ ಮರಿಗಳೇ ಬಿಸಿ ಹೊರಡಿಸಲು ಶುರು ಮಾಡುತ್ತವೆ. ಹೊರಗೆ 38 ಇದ್ದರೆ ಪೆಟ್ಟಿಗೆಯ ಒಳಗೆ ಏನಾಗಬೇಡ? ಬಲ್ಬು ಆರಿಸಬಹುದು, ಬೇಸಿಗೆ ಆರಿಸಲು ಬರುವುದಿಲ್ಲ. ಬಂಗಾಳದ ಕಡೆ ಬುಟ್ಟಿಯಲ್ಲಿ ಬಿಸಿ ಭತ್ತದ ಹೊಟ್ಟು ತುಂಬಿ ಬಾತುಮರಿ ಮಾಡಿಸುತ್ತಾರಲ್ಲ, ಅವರು ನೆಚ್ಚಿಕೊಂಡಿರುವುದೂ ಮೊಟ್ಟೆಯೊಳಗಿನ ಈ ಬಿಸಿಯನ್ನೇ. ಹಳೇ ಮೊಟ್ಟೆಗಳ ಬಿಸಿ ಹೊಸ ಮೊಟ್ಟೆಗಳಿಗೆ ಕಾವಾಗುತ್ತದೆ.

ಇನ್ನು ಪಸೆಯ ಮಾತು. ಬಾತುಕೋಳಿ ಮೊಟ್ಟೆ ಮರಿ ಆಗಲು 28 ದಿನ, ಕೋಳಿಗಿಂತ ಪೂರಾ ಒಂದು ವಾರ ಹೆಚ್ಚು. ಮುಖದ ಮೇಲೆ ಕೆಂಪು ಗಂಟು ಇರುವ ಮಸ್ಕೋವಿ ಜಾತಿಯದಾದರೆ 35ರವರೆಗೂ ಹೋಗುತ್ತದೆ. ಇಷ್ಟು ದಿನವೂ ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಆಗಲೇಬೇಕು. 70 ಗ್ರಾಂ ಮೊಟ್ಟೆ 25ನೇ ದಿನದ ಹೊತ್ತಿಗೆ 60, 61 ಗ್ರಾಂಗೆ ಇಳಿದಿರಬೇಕು. ಹಾಗೆ ಖಾಲಿಯಾದ ಜಾಗ ದಪ್ಪ ತುದಿಯಲ್ಲಿ ಗಾಳಿ ಗೂಡಾಗುತ್ತದೆ, ಮರಿ ತನ್ನ ಮೊದಲ ಉಸಿರು ತೆಗೆದುಕೊಳ್ಳುವುದು ಆ ಗೂಡಿನಿಂದ. ಮಳೆಗಾಲದಲ್ಲಿ ನೀರು ಸಾಕಷ್ಟು ಇಳಿಯದಿದ್ದರೆ ಮರಿ ಒಳಗೇ ಉಬ್ಬಿಕೊಂಡು ಉಸಿರಾಡಲು ಜಾಗವಿಲ್ಲದೆ ಹೋಗುತ್ತದೆ. ಬೇಸಿಗೆಯಲ್ಲಿ ಬೇಗ ಇಳಿದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟುತ್ತದೆ. ಒಡೆಯಲು ಶುರು ಮಾಡಿದ ಮರಿ ತಿರುಗಲಾರದೆ ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಸಾಯುವ ಮರಿಗಳು ಹೆಚ್ಚಾಗಿ ಹೀಗೇ ಸಾಯುತ್ತವೆ, ಅದಕ್ಕೆ ಜನ "ಕಾವು ಸಾಲಲಿಲ್ಲ" ಅಂತ ಹೇಳಿ ಮುಂದಿನ ಸಲ ಇನ್ನೂ ದೊಡ್ಡ ಬಲ್ಬು ಹಾಕುತ್ತಾರೆ! ಒಣ ಗಾಳಿಯನ್ನು ಬಿಸಿ ಮಾಡಿದಷ್ಟೂ ಅದು ಇನ್ನಷ್ಟು ಹೀರುತ್ತದೆ.

ಅದಕ್ಕೆ ನಾನು ಪೆಟ್ಟಿಗೆಗಿಂತ ಹೆಚ್ಚು ನಂಬಿದ್ದು ಸಣ್ಣ ಡಿಜಿಟಲ್ ತಕ್ಕಡಿಯನ್ನು. ಮೊಟ್ಟೆಗಳ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ವಾರಕ್ಕೊಮ್ಮೆ ತೂಗುವುದು. ಬೇಗ ಹಗುರಾಗುತ್ತಿದ್ದರೆ ನೀರಿನ ತಟ್ಟೆ ದೊಡ್ಡದು ಮಾಡುವುದು. ಎಷ್ಟು ಆಳ ನೀರಿದೆ ಅನ್ನುವುದು ಮುಖ್ಯವಲ್ಲ, ಎಷ್ಟು ಅಗಲ ಹರಡಿದೆ ಅನ್ನುವುದು ಮುಖ್ಯ. ಒಂದು ತಂಬಿಗೆ ನೀರು ತಂಬಿಗೆಯಲ್ಲೇ ಇದ್ದರೆ ಪ್ರಯೋಜನವಿಲ್ಲ, ತಟ್ಟೆಗೆ ಸುರಿದರೆ ಪೆಟ್ಟಿಗೆಯೆಲ್ಲ ಪಸೆಯಾಗುತ್ತದೆ. ಮೊದಲ 25 ದಿನ ಶೇಕಡ 55ರಿಂದ 60, ಕೊನೆಯ ಮೂರು ದಿನ 70ರ ಮೇಲೆ ತೇವಾಂಶ ಇರಬೇಕು. ಮೇ ತಿಂಗಳ ದಾವಣಗೆರೆಯಲ್ಲಿ ಒಂದು ತಟ್ಟೆಯಿಂದ ಇದು ಆಗುವ ಕೆಲಸವಲ್ಲ. ನೀರಲ್ಲಿ ಅದ್ದಿದ ಹತ್ತಿ ಬಟ್ಟೆಯನ್ನು ಒಂದು ತುದಿ ತಟ್ಟೆಯಲ್ಲಿರುವಂತೆ ಮೇಲಿನಿಂದ ಇಳಿಬಿಟ್ಟರೆ ಸುಮಾರಾಗಿ ಹತೋಟಿಗೆ ಬರುತ್ತದೆ.

ಅತ್ತೆಯವರಿಗೆ ಈ ಪೆಟ್ಟಿಗೆಯ ಮೇಲೆ ನಂಬಿಕೆ ಇರಲಿಲ್ಲ. ಅವರು ಪಕ್ಕದಲ್ಲೇ ತಮ್ಮದೊಂದು ನಡೆಸಿದರು. ಕಾವು ಕೂತ ಜವಾರಿ ಹ್ಯಾಟೆ ಕೋಳಿ, ಬಿದಿರ ಬುಟ್ಟಿ, ಭತ್ತದ ಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಹುಲ್ಲಿನ ಅಡಿಯಲ್ಲಿ ಒಂದು ಇದ್ದಿಲು ಚೂರು, ಒಂದು ಕಬ್ಬಿಣದ ಮೊಳೆ. ಬಾತಿನ ಮೊಟ್ಟೆ ದೊಡ್ಡದು, ಹ್ಯಾಟೆಗೆ ಐದಾರರ ಮೇಲೆ ಮುಚ್ಚಲು ಆಗುವುದಿಲ್ಲ, ತಿರುಗಿಸಲೂ ಕಷ್ಟ, ಅದು ಕಾಳಿಗೆ ಎದ್ದಾಗ ಇವರೇ ಕೈಯಿಂದ ಹೊರಳಿಸುತ್ತಿದ್ದರು. ಒಂದು ವಾರ ಕಳೆದ ಮೇಲೆ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಕೈ ಅದ್ದಿ ಮೊಟ್ಟೆಗಳ ಮೇಲೆ ಚಿಮುಕಿಸುತ್ತಿದ್ದರು.

"ಇದ್ಯಾಕೆ ಅತ್ತೇ?"

"ಬಾತಿನ ತಾಯಿ ದಿನಾ ಒಂದ್ಸಲ ಎದ್ದು ಹೋಗಿ ನೀರಾಗೆ ಮುಳುಗಿ, ಒದ್ದೆ ಮೈಯಾಗೇ ಬಂದು ಕೂರ್ತತಿ. ಈ ಹ್ಯಾಟೆಗೆ ಅದು ಏನ್ ಗೊತ್ತೈತವ್ವ? ಇದು ನೀರು ಕಂಡ್ರೆ ಓಡ್ತತಿ. ಅದ್ಕೆ ನಾವು ಮಾಡ್ಬೇಕು."

ದೊಡ್ಡ ಹ್ಯಾಚರಿಗಳಲ್ಲೂ ಬಾತಿನ ಮೊಟ್ಟೆಗೆ ದಿನಕ್ಕೊಮ್ಮೆ ತಣ್ಣಗಾಗಲು ಬಿಟ್ಟು ನೀರು ಸಿಂಪಡಿಸುವ ಕ್ರಮ ಇದೆ. ಅತ್ತೆಯವರು ಯಾವ ಹ್ಯಾಚರಿಯನ್ನೂ ನೋಡಿದವರಲ್ಲ.

ಬಾತು ತಾನೇ ಯಾಕೆ ಕಾವಿಗೆ ಕೂರುವುದಿಲ್ಲ ಅಂತ ಮಗಳು ಕೇಳಿದಳು. ಕೂರುವ ಬಾತುಗಳಿವೆ, ಮಸ್ಕೋವಿ ಚೆನ್ನಾಗಿ ಕೂರುತ್ತದೆ. ಆದರೆ ಹೆಚ್ಚು ಮೊಟ್ಟೆಗೆಂದು ಬೆಳೆಸಿದ ತಳಿಗಳಲ್ಲಿ ಆ ಗುಣವೇ ಕಳೆದುಹೋಗಿದೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಹೆಂಗಸು ನೂರಿಪ್ಪತ್ತು ವರ್ಷಗಳ ಹಿಂದೆ ಇಂಡಿಯನ್ ರನ್ನರ್ ಬಾತಿನಿಂದ ತೆಗೆದ ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡಬಲ್ಲದು. ಕಾವಿಗೆ ಕೂತರೆ ಅಷ್ಟು ಇಡುವುದು ಎಲ್ಲಿ? ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರದ ಫಾರಂನಲ್ಲಿ ಸಾಕಿದ್ದೂ ಈ ತಳಿಯನ್ನೇ. ತಾಯ್ತನವನ್ನು ತಳಿಯಿಂದಲೇ ತೆಗೆದುಹಾಕಿ, ಆಮೇಲೆ ಅದರ ಬದಲಿಗೆ ಪೆಟ್ಟಿಗೆ ಮಾರುತ್ತೇವೆ. ಇದರಲ್ಲಿ ನಾನೂ ಪಾಲುದಾರಳೇ ಅನ್ನಿ.

ಏಳನೇ ದಿನ ಕತ್ತಲು ಕೋಣೆಯಲ್ಲಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದರೆ ಜೀವ ಇದ್ದದ್ದರಲ್ಲಿ ಕೆಂಪು ನರಗಳ ಜಾಲ, ನಡುವೆ ಮಿಸುಕುವ ಕಪ್ಪು ಚುಕ್ಕಿ. ಬಂಜೆ ಮೊಟ್ಟೆ ಬರೀ ತಿಳಿ. ಸತ್ತದ್ದರಲ್ಲಿ ಒಂದು ಕೆಂಪು ಉಂಗುರ. ಕೆಟ್ಟದ್ದನ್ನು ಆಗಲೇ ತೆಗೆಯಬೇಕು, ಒಳಗೇ ಕೊಳೆತು ಒಡೆದರೆ ಮಿಕ್ಕವಕ್ಕೂ ಕುತ್ತು.

ಕೊನೆಯ ದಿನಗಳು ಸುಮ್ಮನಿರುವವರಿಗೆ ಮಾತ್ರ. 25ನೇ ದಿನ ತಿರುಗಿಸುವುದು ನಿಲ್ಲಿಸಿ, ನೀರು ಹೆಚ್ಚಿಸಿ, ಮುಚ್ಚಳ ಹಾಕಿದರೆ ಮತ್ತೆ ತೆಗೆಯಬಾರದು. ಮರಿ ಮೊದಲು ಒಳಪೊರೆ ಚುಚ್ಚಿ ಗಾಳಿ ಗೂಡಿಗೆ ಕೊಕ್ಕು ತೂರಿಸುತ್ತದೆ, ಆಗ ಮೊಟ್ಟೆಯೊಳಗಿಂದಲೇ ಚಿಂವ್‌ಗುಟ್ಟುವುದು ಕೇಳಿಸುತ್ತದೆ. ಮಾರನೇ ದಿನ ಚಿಪ್ಪಿನ ಮೇಲೆ ನಕ್ಷತ್ರದಂಥ ಬಿರುಕು. ಆಮೇಲೆ ಏನೂ ಇಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನ ದಾಟಿದರೂ ಏನೂ ಇಲ್ಲ. ಕೋಳಿ ಮರಿ ಮಾಡಿಸಿದವರಿಗೆ ಇದು ಸಹಿಸಲಾಗುವುದಿಲ್ಲ, ಚಿಪ್ಪು ಬಿಡಿಸಲು ಕೈ ಹೋಗುತ್ತದೆ. ಆ ಹೊತ್ತಿನಲ್ಲಿ ಒಳಗೆ ದೊಡ್ಡ ಕೆಲಸ ನಡೆದಿರುತ್ತದೆ. ಪೊರೆಯ ನರಗಳಲ್ಲಿನ ರಕ್ತ ಮರಿಯ ಮೈಗೆ ವಾಪಸಾಗಬೇಕು, ಉಳಿದ ಹಳದಿ ಲೋಳೆ ಹೊಟ್ಟೆಯೊಳಗೆ ಎಳೆದುಕೊಳ್ಳಬೇಕು. ಅದಾಗುವ ಮುಂಚೆ ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ. ಆ ಲೋಳೆಯ ಬಲದಿಂದಲೇ ಹೊರಬಂದ ಮರಿ ಎರಡು ದಿನ ಅನ್ನ ನೀರಿಲ್ಲದೆ ಇರಬಲ್ಲದು. ಅಂದರೆ ಮರಿ ಹುಟ್ಟಿದ ತಕ್ಷಣ ಬಾಯಿಗೆ ನೀರು ಬಿಡುವ ಅವಸರವೂ ಬೇಡ.

ಪೆಟ್ಟಿಗೆಯಲ್ಲೂ ಬುಟ್ಟಿಯಲ್ಲೂ ಮರಿ ಆದವು. ಯಾವುದು ಹೆಚ್ಚು ಅನ್ನುವ ವಾದ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಮರಿ ಸಾಕುವುದರಲ್ಲಿ ಬೆಚ್ಚಗಿಡುವುದು ಸುಲಭದ ಭಾಗ. ಮೊದಲ ವಾರ 32, 33 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ತಗ್ಗಿಸುವುದು. ಮೇ ತಿಂಗಳಲ್ಲಿ ಹಗಲು ಬಲ್ಬೇ ಬೇಡ. ನೆಲಕ್ಕೆ ಗೋಣಿಚೀಲ ಹಾಸಿ, ಪೇಪರ್ ಬೇಡ, ಜಾರಿ ಕಾಲು ಅಗಲವಾಗುತ್ತದೆ. ಕಷ್ಟ ಇರುವುದು ನೀರಿನಲ್ಲಿ. ಬಾತುಮರಿ ಪ್ರತಿ ತುತ್ತಿಗೂ ನೀರು ಕುಡಿಯುತ್ತದೆ, ನೀರಿಲ್ಲದೆ ಒಣ ಮೇವು ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಬೇಕು, ಇಲ್ಲದಿದ್ದರೆ ಮೇವು ಮೆತ್ತಿ ಮೂಗು ಕಟ್ಟುತ್ತದೆ, ಕಣ್ಣು ಅಂಟುತ್ತದೆ. ಇಡೀ ಮೈ ಮುಳುಗುವಷ್ಟು ಆಳವೂ ಇರಬಾರದು, ಬಟ್ಟಲಲ್ಲಿ ಬೆಣಚುಕಲ್ಲು ಹಾಕಿಡಬೇಕು. ಬೆಳಿಗ್ಗೆ ತುಂಬಿಸಿದ ಬಟ್ಟಲು ಹತ್ತು ನಿಮಿಷಕ್ಕೆ ಕೆಸರು. ನಲ್ಲಿ ನೀರು ಬಿಡುವ ದಿನಕ್ಕೆ ಕಾದು ಡ್ರಮ್ಮು ತುಂಬಿಸುವ ಮನೆಯಲ್ಲಿ ಇದನ್ನು ನೋಡುತ್ತಾ ನಿಲ್ಲುವುದಕ್ಕೆ ಗಟ್ಟಿ ಎದೆ ಬೇಕು. ನಮ್ಮನೆಯವರು ಒಂದು ಮಾತೂ ಆಡದೆ ಆ ಕೆಸರು ನೀರನ್ನು ಬಕೆಟ್ಟಿಗೆ ಬಗ್ಗಿಸಿ ಹಿತ್ತಲ ಬಾಳೆಗೆ ಹಾಕತೊಡಗಿದರು. ಆ ವರ್ಷ ಬಾಳೆ ಚೆನ್ನಾಗಿ ಬಂತು.

ಈಜಲು ಬಿಡುವ ಆಸೆ ಎಲ್ಲರಿಗೂ. ತಾಯಿ ಬಾತಿನ ರೆಕ್ಕೆಯಡಿ ಬೆಳೆದ ಮರಿಗೆ ಅವಳ ಪುಕ್ಕದ ಎಣ್ಣೆ ತಾಗಿರುತ್ತದೆ. ಪೆಟ್ಟಿಗೆಯಲ್ಲಿ ಹುಟ್ಟಿದ್ದಕ್ಕೆ, ಹ್ಯಾಟೆ ಮಾಡಿದ್ದಕ್ಕೆ ಅದಿಲ್ಲ. ತುಪ್ಪಳ ನೆನೆದು ಚಳಿ ಹಿಡಿದು ಸಾಯಬಹುದು, ದಾವಣಗೆರೆಯ ಬೇಸಿಗೆಯಲ್ಲೂ. ಮೊದಮೊದಲು ಕಾಲು ತೋಯುವಷ್ಟು ಬೆಚ್ಚನೆ ನೀರಲ್ಲಿ ಐದು ನಿಮಿಷ ಬಿಟ್ಟು, ಒರೆಸಿ, ಬೆಚ್ಚಗಿಡಬೇಕು. ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಮರಿಗಳನ್ನು ಬಿಟ್ಟಾಗ ಸಾಕುತಾಯಿ ಹ್ಯಾಟೆ ಟಬ್ಬಿನ ಸುತ್ತ ಅರಚುತ್ತಾ ಓಡಿದ್ದನ್ನು ನೋಡಿ ಮಗಳು ನಕ್ಕಳು, ಅತ್ತೆಯವರು ನಗಲಿಲ್ಲ.

ಮೇವಿನ ವಿಷಯ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ದಾವಣಗೆರೆ, ನನ್ನ ತವರು ಚಿತ್ರದುರ್ಗ, ನಮ್ಮ ಎರಡೂ ಜಿಲ್ಲೆಗಳ ಮುಖ್ಯ ಬೆಳೆಗಳೇ ಇಲ್ಲಿ ತೊಡಕು. ದಾವಣಗೆರೆ ಸುತ್ತ ಮೆಕ್ಕೆಜೋಳ. ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ಕೋಳಿಗೆ ಹಾಕುವುದೂ ಅದನ್ನೇ. ಬಾತುಮರಿಗೆ ನಯಾಸಿನ್ ಎಂಬ ಬಿ ಜೀವಸತ್ವ ಕೋಳಿಮರಿಗಿಂತ ಬಹಳ ಹೆಚ್ಚು ಬೇಕು, ಕಿಲೊ ಮೇವಿಗೆ ಸುಮಾರು 55 ಮಿಲಿಗ್ರಾಂ. ಮೆಕ್ಕೆಜೋಳದಲ್ಲಿ ಇರುವ ನಯಾಸಿನ್ ಮೈಗೆ ಹತ್ತದ ರೂಪದಲ್ಲಿ ಕಟ್ಟಿಕೊಂಡಿರುತ್ತದೆ. ಬರೀ ಮೆಕ್ಕೆಜೋಳದ ನುಚ್ಚು ತಿಂದು ಬೆಳೆದ ಬಾತುಮರಿಯ ಮೊಣಕಾಲು ಊದಿ, ಕಾಲು ಬಿಲ್ಲಾಗಿ, ಎರಡು ಮೂರು ವಾರಕ್ಕೆ ನಡೆಯಲಾರದೆ ಕೂರುತ್ತದೆ. ನೋಡಿದವರು "ಪಾರ್ಶ್ವವಾಯು ಹೊಡೀತು" ಅಂತಾರೆ.

ಹಾಗಾದರೆ ನಯಾಸಿನ್ ಧಾರಾಳವಾಗಿ ಇರುವುದು ಯಾವುದರಲ್ಲಿ? ಶೇಂಗಾದಲ್ಲಿ! ನಮ್ಮ ಚಳ್ಳಕೆರೆಯ ಶೇಂಗಾ, ಗಾಣದಿಂದ ಬರುವ ಹಿಂಡಿ. ತವರಿನ ಹೆಮ್ಮೆ ಮೇಲೆ ಬಂತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಕಥೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು, ಜೊತೆಗೆ ಬಾತುಮರಿಗಳೂ. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷ ಅದು ಅಂತ ಆಮೇಲೆ ಗೊತ್ತಾಯಿತು. ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟದ್ದು ಆಗಲೇ. ಆ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಪ್ರಾಣಿಗಳು ಕಡಿಮೆ, ಎಷ್ಟೆಂದರೆ ಮೇವಿನಲ್ಲಿ ವಿಷ ಇದೆಯೇ ಎಂದು ಪರೀಕ್ಷೆ ಮಾಡಲು ವಿಜ್ಞಾನಿಗಳು ಒಂದು ದಿನದ ಬಾತುಮರಿಗೇ ತಿನ್ನಿಸಿ ಅದರ ಪಿತ್ತಜನಕಾಂಗ ನೋಡುತ್ತಿದ್ದರು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೂ ಈ ಬೂಷ್ಟು ಹಿಡಿಯುತ್ತದೆ, ಕಿತ್ತು ಒಣಹಾಕಿದಾಗ ಮಳೆ ಬಂದರೂ ಹಿಡಿಯುತ್ತದೆ. ಚಳ್ಳಕೆರೆಯಲ್ಲಿ ಎರಡೂ ಆಗುತ್ತವೆ. ಒದ್ದೆಯಾದ ಮೆಕ್ಕೆಜೋಳಕ್ಕೂ ಇದೇ ಕಾಟ.

ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪನಿಗೆ ಬೇಸರವಾಯಿತು. "ನಾವು ಹುಟ್ಟಿದಾಗಿಂದ ತಿಂದೀವಿ, ಏನಾಗೇತಿ?" ಅಂದ. ಆದರೂ ಮುಂದಿನ ಸಲ ಬಂದ ಚೀಲದಲ್ಲಿ ಒಂದೊಂದು ಕಾಳೂ ಆರಿಸಿದ್ದು, ಸುಕ್ಕಿಲ್ಲ, ಮಸಿ ಬಣ್ಣವಿಲ್ಲ. ಅದನ್ನು ಮನುಷ್ಯರೇ ತಿಂದೆವು. ಮರಿಗಳಿಗೆ ನಾನು ಕೊಟ್ಟದ್ದು ಅಂಗಡಿಯ ಕೋಳಿಮರಿ ಮೇವು, ಅದಕ್ಕೆ ಕಲಸಿದ ಯೀಸ್ಟ್ ಪುಡಿ, ಹೊಸ ಅಕ್ಕಿ ತೌಡು, ಬೇಯಿಸಿದ ಮೊಟ್ಟೆ, ನೀರಿನ ಮೇಲೆ ತೇಲಿಬಿಟ್ಟ ಕೊತ್ತಂಬರಿ ಸೊಪ್ಪು, ಆಮೇಲೆ ಹಿತ್ತಲ ತೊಟ್ಟಿಯ ನೀರಲ್ಲಿ ತೇಲಿ ಬೆಳೆಯುವ ಅಜೋಲ್ಲ ಸೊಪ್ಪು. ಓಣಿಯ ಮಕ್ಕಳು ದಿನಾ ಸಂಜೆ ಮಂಡಕ್ಕಿ ಹಿಡಿದು ಬರುತ್ತಿದ್ದರು. ಮಂಡಕ್ಕಿ ಭಟ್ಟಿಗಳ ಊರಲ್ಲಿ ಮಂಡಕ್ಕಿ ಬೇಡ ಅಂದರೆ ಯಾರು ಕೇಳುತ್ತಾರೆ? ನಾಲ್ಕು ಕಾಳು ಹಾಕಿಸಿ ಉಳಿದದ್ದನ್ನು ಅವರ ಬಾಯಿಗೇ ಹಾಕಿಸುತ್ತಿದ್ದೆ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಮರಿ ಮುಟ್ಟಿದ ಮಕ್ಕಳಿಗೆಲ್ಲ ಸೋಪು ಹಾಕಿ ಕೈ ತೊಳೆಸುವುದೂ ನನ್ನ ಪಾಲಿಗೆ ಬಂದ ಕೆಲಸ. ಬಾತುಮರಿಯ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.

ಪೆಟ್ಟಿಗೆಯ ಮರಿಗಳು ಮಗಳ ಹಿಂದೆ ಓಡಿದವು, ಬುಟ್ಟಿಯವು ಹ್ಯಾಟೆಯ ಹಿಂದೆ. ಮೊದಲು ಕಂಡದ್ದರ ಬೆನ್ನು ಹತ್ತುವ ಈ ಗುಣದ ಬಗ್ಗೆ ಕೆಲಸ ಮಾಡಿದ ಕೊನ್ರಾಡ್ ಲೊರೆಂಜ್‌ಗೆ 1973ರಲ್ಲಿ ನೊಬೆಲ್ ಬಂದದ್ದು ಹಲವರಿಗೆ ಗೊತ್ತು. ನನಗೆ ಹೆಚ್ಚು ಹಿಡಿಸಿದ್ದು ಗಿಲ್ಬರ್ಟ್ ಗಾಟ್ಲೀಬ್ ಎಂಬ ಅಮೆರಿಕದ ವಿಜ್ಞಾನಿ ಕಂಡುಕೊಂಡದ್ದು. ಬಾತುಮರಿ ತಾಯಿಯ ದನಿಯನ್ನು ಎಂದೂ ಕೇಳದಿದ್ದರೂ ಹುಟ್ಟಿದ ಮೇಲೆ ಅದನ್ನು ಗುರುತಿಸಿ ಆ ಕಡೆ ಹೋಗುತ್ತದೆ. ಆದರೆ ಅದಕ್ಕೆ ಮೊಟ್ಟೆಯೊಳಗಿದ್ದಾಗ ತನ್ನ, ಇಲ್ಲವೇ ಒಡಹುಟ್ಟಿದವರ ಚಿಂವ್ ದನಿ ಕಿವಿಗೆ ಬಿದ್ದಿರಬೇಕು. ಅದನ್ನೂ ಕೇಳಿಸದಂತೆ ಮಾಡಿದರೆ ಬಾತಿನ ದನಿ ಯಾವುದು, ಕೋಳಿಯ ದನಿ ಯಾವುದು ಅನ್ನುವ ಆಯ್ಕೆಯೇ ತಪ್ಪಿಹೋಗುತ್ತದೆ. ಅದಕ್ಕೇ ಒಂದೇ ಮೊಟ್ಟೆ ಇಟ್ಟು ಒಂದೇ ಮರಿ ಸಾಕುವುದನ್ನು ನಾನು ಒಪ್ಪುವುದಿಲ್ಲ. ಮೊಬೈಲಿನಲ್ಲಿ ಫೋಟೊ ಚೆನ್ನಾಗಿ ಬರಬಹುದು, ಮರಿ ಮಾತ್ರ ಹಗಲೂ ರಾತ್ರಿ ಅಳುತ್ತದೆ.

ಆರೇಳು ವಾರಕ್ಕೆ ದನಿ ಒಡೆಯಿತು. ಗಟ್ಟಿಯಾಗಿ ಕ್ವಾಕ್ ಅನ್ನುವುದು ಹೆಣ್ಣು, ಗಂಟಲು ಕಟ್ಟಿದಂತೆ ಪಿಸುಗುಡುವುದು ಗಂಡು. ಅಷ್ಟರಲ್ಲಿ ಪಕ್ಕದ ಮನೆ ಆಂಟಿಗೆ ವಾಸನೆಯೂ ದನಿಯೂ ಸಾಕಾಗಿತ್ತು, ನಮ್ಮ ಡ್ರಮ್ಮಿನ ನೀರೂ ಸಾಕಾಗುತ್ತಿರಲಿಲ್ಲ. ಕೆರೆಗೆ ಬಿಟ್ಟುಬಿಡಿ ಅಂದವರು ಎಷ್ಟೋ ಜನ. ಕುಂದುವಾಡ ಕೆರೆಯ ನೀರು ಊರಿಗೆ ಕುಡಿಯಲು ಬರುವಂಥದು, ಅಲ್ಲಿ ಕಾಡು ಬಾತುಗಳಿವೆ, ಇವು ಹೋಗಿ ಬೆರೆತರೆ ಅವುಗಳ ತಳಿ ಕೆಡುತ್ತದೆ, ಬೆರೆಯುವ ಮುಂಚೆ ನಾಯಿ ಹಿಡಿದರೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಸಾಕಿದ ಪ್ರಾಣಿಯನ್ನು ಕೆರೆಯ ದಡದಲ್ಲಿ ಇಳಿಸಿ ಬರುವುದಕ್ಕೆ ಬಿಡುಗಡೆ ಅಂತ ಹೆಸರಿಡುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಎಲ್ಲವನ್ನೂ ಅತ್ತೆಯವರ ತವರಿಗೆ, ಅವರ ತಮ್ಮನ ಗದ್ದೆಗೆ ಕಳಿಸಿದೆವು. ಐದಾರು ಹೆಣ್ಣಿಗೆ ಒಂದು ಗಂಡು ಸಾಕು, ಉಳಿದ ಗಂಡುಗಳ ಕಥೆ ಏನಾಯಿತು ಅಂತ ಮಗಳು ಕೇಳಿಲ್ಲ, ನಾನೂ ಹೇಳಿಲ್ಲ. ಅತ್ತೆಯವರು ಈಗ ತಿಂಗಳಲ್ಲಿ ಹದಿನೈದು ದಿನ ಅಲ್ಲೇ ಇರುತ್ತಾರೆ, ಬಾತು ನೋಡಿಕೊಳ್ಳುವ ನೆಪ. ಮೊನ್ನೆ ಫೋನ್ ಮಾಡಿದ್ದರು.

"ಕಾಲುವೆ ನೀರು ನಿಲ್ಲಿಸ್ಯಾರ. ನನ್ ತಮ್ಮ ಇವಕ್ಕ ಅಂತ ಬೋರ್ ಆನ್ ಮಾಡಂಗಿಲ್ಲ ಅಂತಾನ. ಆ ನೀಲಿ ಟಬ್ಬು ಐತಲ್ಲ, ಅದನ್ನ ಬಸ್ಸಿಗೆ ಹಾಕಿ ಕಳಿಸು. ಹಂಗೇ ಆ ತಕ್ಕಡೀನೂ."

"ತಕ್ಕಡಿ ಯಾಕೆ ಅತ್ತೇ?"

"ಕಳಿಸು ಅಂದ್ರ ಕಳಿಸು."